ಎಸ್.ಎಸ್. ಪುರಂನ ರೀಡಿಂಗ್ ರೂಮಿನಲ್ಲಿ 14 ತಿಂಗಳು ಕೂತ ಮೇಲೆ

ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ ದಿನಾ ಊರಿಂದ ಬಸ್ಸಿನಲ್ಲಿ ಓಡಾಡುವವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಕೊರಟಗೆರೆ ಕಡೆಯವಳು. ಕಂಪ್ಯೂಟರ್ ಸೈನ್ಸ್, ಈಗ ಐದನೇ ಸೆಮಿಸ್ಟರ್. ಎಸ್.ಎಸ್. ಪುರಂನಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ, ಎರಡನೇ ಮಹಡಿಯಲ್ಲಿ ಈ ರೀಡಿಂಗ್ ರೂಮ್ ಇದೆ. ಹೆಸರು ಹಾಕಬೇಡಮ್ಮ, ಇರೋರಿಗೇ ಸೀಟಿಲ್ಲ ಅಂತ ನಡೆಸುವ ಮೇಷ್ಟ್ರು ಹೇಳಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. ಆ ಕಡೆ ಹೋಗಿ ಯಾವ ಹುಡುಗರನ್ನು ಕೇಳಿದರೂ ತೋರಿಸುತ್ತಾರೆ.

ಮೊದಲು ದುಡ್ಡಿನ ವಿಷಯ. ನಾನು ಸೇರಿದಾಗ ತಿಂಗಳಿಗೆ 700 ರೂಪಾಯಿ ಇತ್ತು, ಈಗ 850. ಲಾಕರ್ ಬೇಕಾದರೆ ಇನ್ನೊಂದು 100. ಒಟ್ಟು 42 ಸೀಟು, ಪ್ರತಿ ಸೀಟಿಗೂ ಮರದ ಅಡ್ಡ ಹಲಗೆ, ಒಂದು ಟ್ಯೂಬ್‌ಲೈಟ್, ಒಂದು ಪ್ಲಗ್ ಪಾಯಿಂಟ್. ಎಸಿ ಇಲ್ಲ. ಕರೆಂಟ್ ಹೋದರೆ ಇನ್ವರ್ಟರ್‌ನಲ್ಲಿ ಲೈಟ್ ಮಾತ್ರ ಉರಿಯುತ್ತದೆ, ಫ್ಯಾನ್ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅದು ಕಷ್ಟವೇ. ಕುಡಿಯುವ ನೀರು ಚೆನ್ನಾಗಿದೆ. ಊಟಕ್ಕೆ ತಾರಸಿ ಮೇಲೆ ಶೀಟ್ ಹಾಕಿ ಎರಡು ಬೆಂಚು ಇಟ್ಟಿದ್ದಾರೆ, ಡಬ್ಬಿ ತೆಗೆದು ಕೂತರೆ ಗಾಳಿ ಚೆನ್ನಾಗಿ ಬರುತ್ತದೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸುಮ್ನೆ ಕೂತು ಓದುವುದಕ್ಕಾದರೆ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆಯಲ್ಲ, ಅಲ್ಲಿ ಸೀಟಿಗೆ ತಿಂಗಳ ಬಾಡಿಗೆ ಕೊಡಬೇಕಿಲ್ಲ. ಇಲ್ಲಿ ದುಡ್ಡು ಕೊಟ್ಟು ಕೂರುವುದು ಮೇಷ್ಟ್ರ ಲೆಕ್ಕದ ಪುಸ್ತಕಕ್ಕೋಸ್ಕರ.

ಮೇಷ್ಟ್ರು ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಸೇರುವ ದಿನ ಆಧಾರ್ ಜೆರಾಕ್ಸ್ ಜೊತೆಗೆ ನಮ್ಮ ಸ್ಕೀಮಿನ (ಯಾವ ಸೆಮಿಸ್ಟರಿಗೆ ಯಾವ ವಿಷಯ, ಎಷ್ಟು ಕ್ರೆಡಿಟ್ ಅನ್ನುವ ಪಟ್ಟಿ) ಪ್ರಿಂಟ್‌ಔಟ್, ಟೈಮ್ ಟೇಬಲ್, ಇಲ್ಲಿಯವರೆಗಿನ ಮಾರ್ಕ್ಸ್ ಕಾರ್ಡ್ ಮೂರನ್ನೂ ಕೇಳುತ್ತಾರೆ. ಓದೋ ಜಾಗಕ್ಕೆ ಮಾರ್ಕ್ಸ್ ಕಾರ್ಡ್ ಯಾಕೆ ಅಂತ ನನಗೆ ಮುಜುಗರ ಆಗಿತ್ತು. ನನ್ನ ಕಾರ್ಡಿನಲ್ಲಿ ಎಂ-2 (ಎರಡನೇ ಸೆಮಿಸ್ಟರಿನ ಗಣಿತ) ಮುಂದೆ ಫೇಲ್ ಅಂತ ಇತ್ತು, ಅದನ್ನು ಮನೆಯಲ್ಲಿ ಅಪ್ಪನಿಗೂ ತೋರಿಸಿರಲಿಲ್ಲ. ಮೇಷ್ಟ್ರು ಅದನ್ನು ನೋಡಿ ಏನೂ ಅನ್ನಲಿಲ್ಲ. ಒಂದು ಗ್ರಾಫ್ ಶೀಟ್ ತೆಗೆದು ಸ್ಕೇಲ್ ಇಟ್ಟು 16 ಸಾಲು, ಸಾಲಿಗೆ 10 ಮನೆ ಹಾಕಿದರು. ಒಟ್ಟು 160 ಮನೆ. ವಿಟಿಯು, ಅಂದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಬಿ.ಇ. ಮುಗಿಸಲು ಬೇಕಾಗುವುದು 160 ಕ್ರೆಡಿಟ್. ಮೊದಲ ವರ್ಷದ 40ರಲ್ಲಿ ಪಾಸಾದ 36ಕ್ಕೆ ನನ್ನ ಕೈಯಲ್ಲೇ ಪೆನ್ಸಿಲ್‌ನಿಂದ ಬಣ್ಣ ತುಂಬಿಸಿದರು. ನಾಲ್ಕು ಮನೆ ಖಾಲಿ ಉಳಿಯಿತು. ಬ್ಯಾಕ್ ಆಗಿದೆ (ಫೇಲಾದ ವಿಷಯ ಬಾಕಿ ಉಳಿದಿದೆ), ನನ್ನ ಕಥೆ ಮುಗಿಯಿತು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದವಳಿಗೆ ಅದು 160ರಲ್ಲಿ ನಾಲ್ಕು ಮನೆ ಅಂತ ಕಣ್ಣಿಗೆ ಕಂಡಿದ್ದು ಅವತ್ತೇ.

ಗ್ರಾಫಿನ ಕೆಳಗೆ ಅವರು ಇನ್ನೊಂದು ಗೆರೆ ಎಳೆದರು. ಅಲ್ಲಿ ಸೊನ್ನೆ ಕ್ರೆಡಿಟ್‌ನವು: ಎನ್‌ಎಸ್‌ಎಸ್, ಯೋಗ, ದೈಹಿಕ ಶಿಕ್ಷಣದಲ್ಲಿ ನಾವು ಆರಿಸಿಕೊಂಡದ್ದು. ಅದರ ಕೆಳಗೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ಸ್, ಅಂದರೆ ಕ್ಲಾಸಿನ ಹೊರಗಿನ ಸಮಾಜಸೇವೆಯಂಥ ಚಟುವಟಿಕೆಯ ಅಂಕ, ರೆಗ್ಯುಲರ್ ಆಗಿ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. "ಸೊನ್ನೆ ಅಂದ್ರೆ ಬೇಡ ಅಂತ ಅಲ್ಲಮ್ಮ, ಇದಿಲ್ಲದಿದ್ರೆ 160 ತುಂಬಿದ್ರೂ ಡಿಗ್ರಿ ಕೈಗೆ ಬರಲ್ಲ" ಅಂದರು. ಇದನ್ನು ಕಾಲೇಜಿನಲ್ಲಿ ಓರಿಯೆಂಟೇಶನ್ ದಿನ ಹೇಳಿರಬಹುದು, ಆದರೆ ಆ ದಿನ ಹೇಳಿದ್ದು ಯಾರಿಗೆ ನೆನಪಿರುತ್ತದೆ? ಕೊನೆ ವರ್ಷ, ಪ್ರಾಜೆಕ್ಟ್ ಮತ್ತು ಪ್ಲೇಸ್‌ಮೆಂಟ್ ನಡುವೆ ಸರ್ಟಿಫಿಕೇಟ್ ಹುಡುಕಿಕೊಂಡು ಓಡಾಡುವ ಸೀನಿಯರ್‌ಗಳನ್ನು ನಾನೇ ನೋಡಿದ್ದೇನೆ.

ಇನ್ನು ಅವರ ಅಸಲಿ ಲೆಕ್ಕ. ಗೋಡೆಯ ಬೋರ್ಡಿನಲ್ಲಿ ಚಾಕ್‌ಪೀಸಿನಲ್ಲಿ ದೊಡ್ಡದಾಗಿ 600 ಅಂತ ಬರೆದಿದೆ, ಅದನ್ನು ಯಾರೂ ಅಳಿಸುವ ಹಾಗಿಲ್ಲ. ರಾಷ್ಟ್ರೀಯ ಕ್ರೆಡಿಟ್ ಫ್ರೇಮ್‌ವರ್ಕ್ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್, 1200 ಗಂಟೆ. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ ಕಲಿಕೆ, ಕ್ಲಾಸು, ಲ್ಯಾಬು, ಮನೆ ಓದು ಎಲ್ಲಾ ಸೇರಿ. ಸೆಮಿಸ್ಟರಿಗೆ 20 ಕ್ರೆಡಿಟ್ ಇದ್ದರೆ 600 ಗಂಟೆ. ಸೆಮಿಸ್ಟರ್ ಹತ್ತಿರ ಹತ್ತಿರ 15 ವಾರ ಅಂದುಕೊಂಡರೆ ವಾರಕ್ಕೆ 40. ನನ್ನ ಟೈಮ್ ಟೇಬಲ್‌ನಲ್ಲಿ ಕ್ಲಾಸು ಲ್ಯಾಬು ಸೇರಿ 27 ಗಂಟೆ ಇತ್ತು. ಉಳಿದ 13 ನಾನೇ ಕೂತು ಓದಬೇಕು. ಎಂ-2 ಬಾಕಿ ಬೇರೆ. ನಾಲ್ಕು ಕ್ರೆಡಿಟ್‌ಗೆ 120 ಗಂಟೆ, ಕ್ಲಾಸ್ ಒಂದು ಸಲ ಕೇಳಿ ಆಗಿದೆ ಅಂತ ಅರ್ಧ ಬಿಟ್ಟರೂ 60, ವಾರಕ್ಕೆ 4. ಒಟ್ಟು 17 ಗಂಟೆ.

ನಾನು ಅಲ್ಲಿಯವರೆಗೆ ಓದುತ್ತಿದ್ದದ್ದು ವಾರಕ್ಕೆ ಆರೇಳು ಗಂಟೆ ಇದ್ದರೆ ಹೆಚ್ಚು. ಸೋಮಾರಿತನ ಅಲ್ಲ. ಬಸ್ಸಿನಲ್ಲೇ ದಿನಕ್ಕೆ ಎರಡು ಗಂಟೆ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ದುಡ್ಡು ಉಳಿಯಿತು. ನನ್ನಂಥ ಮನೆಗೆ ಅದು ದೊಡ್ಡದು, ಈ ರೀಡಿಂಗ್ ರೂಮಿನ ಫೀಸ್ ಬರುವುದೂ ಅದರಲ್ಲೇ. ಆದರೆ ಸಾಯಂಕಾಲದ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದು ಅಪರೂಪ, ನಿಂತುಕೊಂಡು ಪುಸ್ತಕ ಬಿಚ್ಚಲು ಆಗುವುದಿಲ್ಲ. ಮನೆ ಮುಟ್ಟಿ ಮುಖ ತೊಳೆದು ಹಸುವಿಗೆ ಹುಲ್ಲು ಹಾಕಿ ಕೂತರೆ ಕಣ್ಣು ತಾನಾಗೇ ಮುಚ್ಚುತ್ತಿತ್ತು. ಮೇಷ್ಟ್ರು ನನ್ನ ಟೈಮ್ ಟೇಬಲ್ ಪಕ್ಕದಲ್ಲೇ ಬರೆದು ತೋರಿಸಿದರು: ಸೋಮವಾರದಿಂದ ಶುಕ್ರವಾರ ಸಾಯಂಕಾಲ ನಾಲ್ಕೂವರೆಯಿಂದ ಏಳು, ಶನಿವಾರ ಮಧ್ಯಾಹ್ನ ಎರಡರಿಂದ ಆರೂವರೆ. ಹದಿನೇಳು. ಏಳೂಕಾಲಿನ ಬಸ್ ಹತ್ತಿದರೆ ಎಂಟೂಕಾಲಿಗೆ ಮನೆ. ಮನೆಗೆ ಹೋದ ಮೇಲೆ ಪುಸ್ತಕ ಮುಟ್ಟಬೇಡ, ಊಟ ಮಾಡಿ ಮಲಗು ಅಂದರು. ಅಮ್ಮ ಮೊದಲು ಒಪ್ಪಲಿಲ್ಲ, ಕತ್ತಲಾದ ಮೇಲೆ ಬರುತ್ತೀಯ ಅಂತ. ಒಂದು ಶನಿವಾರ ಅವರನ್ನೇ ಕರೆದುಕೊಂಡು ಬಂದು ಜಾಗ ತೋರಿಸಿದೆ. ಮೇಷ್ಟ್ರ ಮನೆಯವರು ಟೀ ಕೊಟ್ಟು ಮಾತಾಡಿಸಿದರು. ಆಮೇಲೆ ಅಮ್ಮ ಏನೂ ಅನ್ನಲಿಲ್ಲ.

ಮೊದಲ ವಾರ ಒಂದು ಕೆಲಸ ಕೊಡುತ್ತಾರೆ. ಇಲ್ಲಿ ಕೂರುವ ಹದಿನೇಳು ಗಂಟೆಯಲ್ಲಿ ಓದುವ ರೀತಿ ಏನೂ ಬದಲಾಯಿಸಬೇಡ, ಯಾವ ವಿಷಯಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡು ಅಷ್ಟೇ. ಬರೆದೆ. ಒಂದು ಕ್ರೆಡಿಟ್‌ನ ಲ್ಯಾಬ್ ರೆಕಾರ್ಡು, ಇನ್ನೊಂದು ಒಂದು ಕ್ರೆಡಿಟ್ ವಿಷಯದ ಪಿಪಿಟಿ, ಎರಡಕ್ಕೂ ಸೇರಿ ಒಂಬತ್ತು ಗಂಟೆ. ನಾಲ್ಕು ಕ್ರೆಡಿಟ್‌ನ ಆಪರೇಟಿಂಗ್ ಸಿಸ್ಟಮ್ಸ್‌ಗೆ ನಲವತ್ತು ನಿಮಿಷ. ಇದನ್ನು ನೋಡಿದಾಗ ನನಗೆ ನಿಜವಾಗಲೂ ಎದೆ ಧಸಕ್ ಅಂತು. ರೆಕಾರ್ಡಿಗೆ ಡೇಟ್ ಇರುತ್ತದೆ, ಸೈನ್ ಹಾಕಿಸಬೇಕು, ಮೇಡಂ ಕೇಳುತ್ತಾರೆ, ಅದಕ್ಕೆ ಅದು ಮೊದಲು ಆಗುತ್ತದೆ. ಕೋರ್ ಸಬ್ಜೆಕ್ಟನ್ನು ದಿನಾ ಯಾರೂ ಕೇಳುವುದಿಲ್ಲ, ಇಂಟರ್ನಲ್ಸ್ ಬರುವವರೆಗೆ ಅದು ಸುಮ್ಮನೆ ಕೂತಿರುತ್ತದೆ. ನನ್ನ ಕ್ಲಾಸಿನಲ್ಲಿ ಎಷ್ಟೋ ಜನರ ಕಥೆ ಇದೇ.

ಅದಕ್ಕೆ ಮೇಷ್ಟ್ರ ಪುಸ್ತಕದಲ್ಲಿ ಎರಡೇ ಕಾಲಂ, ಜಮಾ ಮತ್ತು ಬಾಕಿ. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ, ಅಂಗಡಿಯವರು ಇಡುತ್ತಾರಲ್ಲ ಅಂಥದ್ದು. ಶನಿವಾರ ಐದು ಗಂಟೆಗೆ ಒಬ್ಬೊಬ್ಬರೇ ಹೋಗಿ ಆ ವಾರ ಯಾವ ವಿಷಯಕ್ಕೆ ಎಷ್ಟು ಗಂಟೆ ಜಮಾ ಆಯಿತು ಅಂತ ಬರೆಸಬೇಕು. ಲ್ಯಾಬ್ ಸೇರಿದ ಥಿಯರಿ ವಿಷಯಗಳಿಗೆ ಇನ್ನೊಂದು ಪುಟ. ಅವುಗಳಲ್ಲಿ ಸಿಐಇ, ಅಂದರೆ ಇಂಟರ್ನಲ್ಸ್ ಅಂಕ ಥಿಯರಿಗೆ 25, ಲ್ಯಾಬಿಗೆ 25 ಅಂತ ಬೇರೆ ಬೇರೆ, ಎರಡರಲ್ಲೂ ಕನಿಷ್ಠ 10 ಬರಬೇಕು. ಲ್ಯಾಬಿನಲ್ಲಿ 24 ತೆಗೆದು ಥಿಯರಿಯಲ್ಲಿ 9 ಬಂದರೆ ಎಕ್ಸಾಮಿಗೆ ಕೂರುವ ಹಾಗಿಲ್ಲ. ಅಟೆಂಡೆನ್ಸ್‌ಗೂ ಒಂದು ಕಾಲಂ, ವಿಟಿಯುನಲ್ಲಿ 85 ಪರ್ಸೆಂಟ್ ಬೇಕು. 88ಕ್ಕೆ ಇಳಿದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ, 85ಕ್ಕೆ ಬರುವವರೆಗೆ ಕಾಯುವುದಿಲ್ಲ.

ನನ್ನ ಎಂ-2 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಎಷ್ಟೋ ಜನಕ್ಕೆ ಆಗುತ್ತದೆ. ಪೇಪರ್‌ನಲ್ಲಿ ಐದು ಮಾಡ್ಯೂಲ್, ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದು ಬರೆಯಬೇಕು, 20 ಅಂಕ. ಒಟ್ಟು 100ಕ್ಕೆ ಕನಿಷ್ಠ 35, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಮೂರು ಮಾಡ್ಯೂಲ್ ಗಟ್ಟಿ ಮಾಡಿದರೆ 60 ಅಂಕದ್ದು ಬರೆಯಬಹುದು, ಪಾಸ್ ಗ್ಯಾರಂಟಿ ಅಂತ ಹಾಸ್ಟೆಲ್ ಹುಡುಗಿಯರು ಹೇಳಿದ್ದರು. ನಾನು ಒಂದರಿಂದ ಶುರು ಮಾಡಿದೆ. ಇಂಟಿಗ್ರಲ್ ಕ್ಯಾಲ್ಕುಲಸ್, ವೆಕ್ಟರ್ ಕ್ಯಾಲ್ಕುಲಸ್, ವೆಕ್ಟರ್ ಸ್ಪೇಸ್. ಮೂರನ್ನೂ ಅರ್ಧಂಬರ್ಧ ಕಲಿತು 29 ಬಂತು. ಮೇಷ್ಟ್ರು ಸಿಲಬಸ್ ಶೀಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ನಾಲ್ಕು ಐದನ್ನು ಯಾಕೆ ತೆರೆದೇ ಇಲ್ಲ? ಅವೆರಡೂ ನ್ಯೂಮರಿಕಲ್ ಮೆಥಡ್ಸ್. ನ್ಯೂಟನ್-ರಾಫ್ಸನ್, ಸಿಂಪ್ಸನ್ ರೂಲ್, ರುಂಗೆ-ಕುಟ್ಟ. ಸೂತ್ರ ಗೊತ್ತಿದ್ದು ಕ್ಯಾಲ್ಕುಲೇಟರ್ ಸರಿಯಾಗಿ ಒತ್ತಲು ಬಂದರೆ ಅಂಕ ಬರುವ ಜಾಗ. ಕಷ್ಟದ್ದು ಮೊದಲು ಬಂದಿದ್ದಕ್ಕೆ ನಾನು ಅಲ್ಲೇ ಸಿಕ್ಕಿಕೊಂಡು ಸುಲಭದ್ದರ ಹತ್ತಿರ ಹೋಗಿರಲೇ ಇಲ್ಲ.

ಅವರು ಪಾಠ ಮಾಡುವುದಿಲ್ಲ, ಅದು ಅವರ ನಿಯಮ. ಆದರೆ ಒಂದು ದಿನ ನನ್ನ ಕುರ್ಚಿಯ ಹಿಂದೆ ನಿಂತರು. ಕಾಸ್ ಎಕ್ಸ್ ಈಕ್ವಲ್ಸ್ ಎಕ್ಸ್ ಅನ್ನುವ ಲೆಕ್ಕ ಮಾಡುತ್ತಿದ್ದೆ. ಪುಸ್ತಕದಲ್ಲಿ ಉತ್ತರ 0.7391. ನನಗೆ ಮೂರು ಸಲ ಮಾಡಿದರೂ 0.9998 ಬರುತ್ತಿತ್ತು, ಹಾಳೆ ಹರಿಯುವ ಹಾಗೆ ರಬ್ಬರ್ ಉಜ್ಜಿದ್ದೆ. ಅವರು ಬಗ್ಗಿ ಕ್ಯಾಲ್ಕುಲೇಟರ್ ಪರದೆಯ ಮೇಲಿದ್ದ ಸಣ್ಣ ಅಕ್ಷರಕ್ಕೆ ಬೆರಳಿಟ್ಟರು. "ಡಿಗ್ರಿಯಲ್ಲಿದೆಯಮ್ಮ, ರೇಡಿಯನ್‌ಗೆ ಹಾಕ್ಕೋ" ಅಂದು ಹೋದರು. ಹಾಕಿದೆ, ನಾಲ್ಕನೇ ಸಾಲಿಗೆ 0.7391 ಬಂದು ನಿಂತಿತು. ಪರೀಕ್ಷೆ ದಿನ ಪ್ರಶ್ನೆಪತ್ರಿಕೆ ತಿರುಗಿಸುವ ಮುಂಚೆಯೇ ರೇಡಿಯನ್‌ಗೆ ಹಾಕಿಟ್ಟೆ. 100ಕ್ಕೆ 61 ಬಂತು. ರಿಸಲ್ಟ್ ಬಂದ ಸಾಯಂಕಾಲ ಆ ನಾಲ್ಕು ಮನೆಗೆ ಬಣ್ಣ ತುಂಬಿದೆ. ಪೆನ್ಸಿಲ್ ಬೇಡ, ಇದಕ್ಕೆ ಸ್ಕೆಚ್ ಪೆನ್ ತಗೋ ಅಂತ ಮೇಷ್ಟ್ರೇ ಹಸಿರು ಸ್ಕೆಚ್ ಪೆನ್ ಕೊಟ್ಟರು.

ಇಲ್ಲಿ ಬೇರೆ ಬೇರೆ ಕಾಲೇಜಿನವರು ಒಂದೇ ಮೇಜಿಗೆ ಕೂರುತ್ತಾರೆ, ಅದರಿಂದ ಒಂದು ಅನುಕೂಲ, ಒಂದು ಗೊಂದಲ. 1963ರಲ್ಲಿ ಶುರುವಾದ ಎಸ್‌ಐಟಿ (ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು) ವಿಟಿಯು ಅಡಿಯಲ್ಲೇ ಇದ್ದರೂ ಸ್ವಾಯತ್ತ, ಪರೀಕ್ಷೆ ಅವರದ್ದೇ. ಎಸ್‌ಎಸ್‌ಐಟಿ (ಶ್ರೀ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು) ಡೀಮ್ಡ್ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ನಮ್ಮಂಥ ಕಾಲೇಜಿಗೆ ಬೆಳಗಾವಿಯ ಪ್ರಶ್ನೆಪತ್ರಿಕೆ. ತುಮಕೂರು ವಿಶ್ವವಿದ್ಯಾಲಯದ ಬಿಎಸ್ಸಿ, ಬಿಕಾಂನವರ ಪಾಡು ಇನ್ನೂ ಬೇರೆ: 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಲ್ಲಿ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು, ಹೀಗಾಗಿ ಅಕ್ಕ ತಂಗಿ ಒಂದೇ ಕಾಲೇಜಿನಲ್ಲಿ ಒಂದೇ ಕೋರ್ಸ್ ಓದಿದರೂ ಅಕ್ಕನ ನೋಟ್ಸು, ಅಕ್ಕನ ಲೆಕ್ಕ ತಂಗಿಗೆ ಸರಿಹೋಗುವುದಿಲ್ಲ. ಆದ್ದರಿಂದ ಪಕ್ಕದ ಸೀಟಿನವರ ಮಾತು ಕೇಳಿ ಎಲೆಕ್ಟಿವ್ ಆರಿಸಬೇಡಿ. ನಿಮ್ಮ ಕಾಲೇಜಿನ, ನಿಮ್ಮ ಬ್ಯಾಚಿನ ಸ್ಕೀಮ್ ನೀವೇ ಓದಿ. ಮೇಷ್ಟ್ರು ಮೊದಲ ದಿನ ಪ್ರಿಂಟ್‌ಔಟ್ ಕೇಳುವುದು ಅದಕ್ಕೇ.

ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸ್) ಮಾಡುವವರು ಇಲ್ಲಿ ಬಹಳ ಜನ. ವೈಫೈ ಇದೆ, ಸಾಯಂಕಾಲ ಆರರ ಮೇಲೆ ನಿಧಾನ ಆಗುತ್ತದೆ, ವಿಡಿಯೋ ಮಧ್ಯಾಹ್ನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪಾಠ ಉಚಿತ, ಪರೀಕ್ಷೆಗೆ 1000 ರೂಪಾಯಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬರಬೇಕು. ವಿಟಿಯುನಲ್ಲಿ ಇಂಥ ಆನ್‌ಲೈನ್ ಕೋರ್ಸ್‌ಗಳಿಂದ 18 ಕ್ರೆಡಿಟ್ ಹೆಚ್ಚುವರಿ ಮಾಡಿ, ಉಳಿದ ಷರತ್ತುಗಳನ್ನೂ ಪೂರೈಸಿದರೆ ಆನರ್ಸ್ ಸಿಗುತ್ತದೆ ಅಂತ ಗೊತ್ತಾದಾಗ ನನಗೂ ಆಸೆ ಆಯಿತು, ಬ್ಯಾಕ್ ಇಟ್ಟುಕೊಂಡೇ 12 ವಾರದ ಎರಡು ಕೋರ್ಸಿಗೆ ಹೆಸರು ಹಾಕಲು ಹೊರಟಿದ್ದೆ. ಮೇಷ್ಟ್ರು ಪುಸ್ತಕ ತೆರೆದು ಬಾಕಿ ಕಾಲಂ ತೋರಿಸಿದರು. ಬಾಕಿ ತೀರಿಸದೆ ಹೊಸ ಸಾಲ ಯಾಕಮ್ಮ ಅಂದರು. ಅವತ್ತು ಬೇಜಾರಾಯಿತು. ಈಗ ನೋಡಿದರೆ ಅವರು ಹೇಳಿದ್ದೇ ಸರಿ, ಎಂ-2 ಮುಗಿಸಿದ ಮೇಲೆ ಒಂದೇ ಕೋರ್ಸ್ ತೆಗೆದುಕೊಂಡೆ, ಅದು ನಿಜವಾಗಿ ತಲೆಗೆ ಹತ್ತಿತು.

ಸರಿಯಿಲ್ಲದ್ದೂ ಇದೆ, ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಶನಿವಾರದ ಲೆಕ್ಕವನ್ನು ಮೇಷ್ಟ್ರು ಎಲ್ಲರ ಮುಂದೆ ಜೋರಾಗಿ ಓದುತ್ತಿದ್ದರು. ಮೂರು ಬ್ಯಾಕ್ ಇದ್ದ ಒಬ್ಬ ಹುಡುಗಿ ಅದನ್ನು ತಡೆಯಲಾರದೆ ಮಾರನೇ ವಾರದಿಂದ ಬರುವುದೇ ನಿಲ್ಲಿಸಿದಳು. ಅವಳಿಗೆ ಈ ಜಾಗ ನಮ್ಮೆಲ್ಲರಿಗಿಂತ ಜಾಸ್ತಿ ಬೇಕಿತ್ತು. ನಾವು ನಾಲ್ಕು ಜನ ಹೋಗಿ ಇದು ತಪ್ಪು ಸರ್ ಅಂತ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಶನಿವಾರದಿಂದ ಒಬ್ಬೊಬ್ಬರನ್ನೇ ತಾರಸಿಗೆ ಕರೆದು ಮಾತಾಡುತ್ತಾರೆ. ಆ ಹುಡುಗಿಗೆ ಅವರೇ ಫೋನ್ ಮಾಡಿಸಿದರು, ಬರಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಆಟ, ಫೆಸ್ಟು ಎಲ್ಲಾ ಟೈಮ್ ವೇಸ್ಟ್ ಅನ್ನುವುದು ಅವರ ಅಭಿಪ್ರಾಯ. ಇದನ್ನು ನಾನು ಒಪ್ಪುವುದಿಲ್ಲ. ವಾಲಿಬಾಲ್ ಬಿಡು ಅಂತ ಒಬ್ಬ ಹುಡುಗನಿಗೆ ಹೇಳಿದರು, ಅವನು ಬಿಟ್ಟ, ಆಮೇಲೆ ಓದುವ ಗಂಟೆಯೇನೂ ಹೆಚ್ಚಾಗಲಿಲ್ಲ, ಮುಖ ಮಾತ್ರ ಬಾಡಿತು. ವಾರದಲ್ಲಿ 40 ಗಂಟೆ ತೆಗೆದರೂ ಆಡುವುದಕ್ಕೆ ಜಾಗ ಇದೆ, ಲೆಕ್ಕ ಅವರದ್ದೇ ಅಲ್ವಾ.

ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆ. ಮುಹೂರ್ತದ ದಿನ ವಾಲಗದ ಸದ್ದಿನಲ್ಲಿ ಏನೂ ತಲೆಗೆ ಹೋಗಲ್ಲ, ಅಂಥ ದಿನಕ್ಕೆ ರೆಕಾರ್ಡ್ ಬರೆಯುವ ಕೆಲಸ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಆಗಿದ್ದು ಈ ವರ್ಷ. ಮೆಟ್ಟಿಲಿನ ಲೈಟ್ ಮೂರು ವಾರ ಕೆಟ್ಟಿತ್ತು, ಎರಡು ಸಲ ಹೇಳಿದ ಮೇಲೆ ಹಾಕಿಸಿದರು. ರಾತ್ರಿ ಇಳಿದು ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ, ಮೊದಲ ಸಲ ಹೇಳಿದಾಗಲೇ ಮಾಡಿಸಬೇಕಿತ್ತು. ಫೀಸ್ 850 ಮಾಡಿದ್ದನ್ನು ಬಾಗಿಲಿಗೆ ಚೀಟಿ ಅಂಟಿಸಿ ತಿಳಿಸಿದರು, ಒಂದು ತಿಂಗಳು ಮೊದಲೇ ಹೇಳಬಹುದಿತ್ತು. ಕೆಎಎಸ್, ಪಿಎಸ್‌ಐಗೆ ಓದುವ ಅಣ್ಣಂದಿರು ಬೆಳಗ್ಗೆ ಆರಕ್ಕೇ ಬಂದು ಕಿಟಕಿ ಪಕ್ಕದ ಸೀಟು ಹಿಡಿಯುತ್ತಾರೆ, ಅವರ ಜೊತೆ ಜಗಳ ಬೇಡ, ಒಳ್ಳೆಯವರು, ನನಗೆ ಎಷ್ಟೋ ಸಲ ಬಸ್ ಸ್ಟ್ಯಾಂಡ್‌ವರೆಗೆ ಜೊತೆ ಬಂದಿದ್ದಾರೆ.

ಟ್ಯೂಷನ್ ಬೇಕು ಅನ್ನುವವರಿಗೆ ಈ ಜಾಗ ಅಲ್ಲ. ಯಾರೂ ಕೇಳದಿದ್ದರೂ ಓದುವ ಶಿಸ್ತು ಇರುವವರಿಗೂ ಬೇಕಾಗಿಲ್ಲ. ಐದೈದು ಥಿಯರಿ, ಲ್ಯಾಬು, ಮೇಲೆ ಒಂದು ಬ್ಯಾಕು, ಅದರ ಮೇಲೆ ಬಸ್ಸು, ಎಲ್ಲಿಂದ ಹಿಡಿಯುವುದು ಅಂತ ಗೊತ್ತಾಗದೆ ಕೂತಿರುವವರು ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಆ ಹುಡುಗಿಗೋಸ್ಕರ.

ಸೀಟ್ ಕೇಳುವಾಗ 17ರಿಂದ 24ರವರೆಗಿನದ್ದು ಕೇಳಿ, ಅಲ್ಲಿ ಫ್ಯಾನ್ ಗಾಳಿ ಬರುತ್ತದೆ, ಕಲ್ಯಾಣ ಮಂಟಪ ಇನ್ನೊಂದು ಪಕ್ಕ. ಮಂಗಳವಾರ ಮೇಷ್ಟ್ರು ಇರುವುದಿಲ್ಲ. ಸೆಮಿಸ್ಟರ್ ಶುರುವಾದ ಮೊದಲ ವಾರವೇ ಹೋಗಿ, ಇಂಟರ್ನಲ್ಸ್ ಹತ್ತಿರ ಬಂದ ಮೇಲೆ ಒಂದು ಸೀಟೂ ಉಳಿದಿರುವುದಿಲ್ಲ. ಸ್ಕೀಮಿನ ಪ್ರಿಂಟ್‌ಔಟ್ ಮರೆಯಬೇಡಿ, ಇಲ್ಲದಿದ್ದರೆ ಕೆಳಗಿನ ಜೆರಾಕ್ಸ್ ಅಂಗಡಿಗೆ ವಾಪಸ್ ಕಳಿಸುತ್ತಾರೆ.